ಸ್ವೀಡನ್ ಕಾಡಿನಲ್ಲಿ ಕಂಡ ಅಟ್ಟ

ಪರದೇಶಕ್ಕೆ ಹೋಗಿ ಬಂದವರು ಅರಮನೆ ನೋಡಿದೆ, ಸಮುದ್ರ ನೋಡಿದೆ ಎಂದು ಬರೆಯುತ್ತಾರೆ. ನಾನು ಹೋದದ್ದು ಕಸ ನೋಡಲು. ಮರ ಕಡಿದು ಸಾಗಿಸಿದ ಮೇಲೆ ಕಾಡಿನಲ್ಲಿ ಉಳಿಯುವ ರೆಂಬೆ, ತುದಿ, ಸೊಟ್ಟ ತುಂಡು. ಸಾಮಿಲ್ಲಿನವನು ಬಿಟ್ಟಿ ಕೊಟ್ಟರೂ ಬೇಡ ಅನ್ನುವಂಥದ್ದು. ಸ್ವೀಡನ್ ದೇಶದ ಉತ್ತರದಲ್ಲಿ ಒಂದು ಊರಿನವರು ಅದನ್ನೇ ಉರಿಸಿ ಶಾಲೆ, ಆಸ್ಪತ್ರೆ, ಮನೆಗಳನ್ನೆಲ್ಲ ಬೆಚ್ಚಗಿಟ್ಟುಕೊಂಡಿದ್ದಾರೆ ಎಂದು ಕೇಳಿದ್ದೆ. ಆ ಊರಿನ ಹೆಸರನ್ನು ಬರೆಯಲು ನನಗೆ ಬರುವುದಿಲ್ಲ. ಹೇಳಲು ನಾಲ್ಕು ದಿನ ಕಲಿತೆ, ವಾಪಸು ಬರುವಷ್ಟರಲ್ಲಿ ಮರೆತೆ.

ನಾನು ಹೊನ್ನವಳ್ಳಿಯವನು, ಹೆಸರು ಕಲ್ಲೇಶಪ್ಪ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಡ್ಡಿ ಹಿಡಿದವನು ಇವತ್ತಿನ ತನಕ ಕೆಳಗಿಟ್ಟಿಲ್ಲ. ನಾನು ಮಾಡಿದ ಕಾಯಿ ಸುಲಿಯುವ ಯಂತ್ರಗಳು ತಿಪಟೂರು, ತುರುವೇಕೆರೆ ಕಡೆಯ ತೋಟಗಳಲ್ಲಿ ಈಗಲೂ ಓಡುತ್ತಿವೆ. ಒಂದೂ ಕೆಟ್ಟಿಲ್ಲ ಎಂದು ಹೇಳುವುದಿಲ್ಲ. ಕೆಟ್ಟಾಗ ಬಂದು ಸರಿ ಮಾಡಿಲ್ಲ ಎಂದು ಯಾರಾದರೂ ಹೇಳಲಿ, ನೋಡೋಣ.

ನಮ್ಮ ಕಡೆ ವಯಸ್ಸಾದ, ರೋಗ ಬಿದ್ದ ತೆಂಗಿನ ಮರಗಳನ್ನು ಉರುಳಿಸಿದರೆ ದಿಮ್ಮಿ ಬದುವಿನ ಮೇಲೆ ಕೊಳೆಯುತ್ತಾ ಬಿದ್ದಿರುತ್ತದೆ. ಅದರೊಳಗೆ ದುಂಬಿ ಮರಿ ಮಾಡುತ್ತದೆ. ಅದೇ ದುಂಬಿ ಹಾರಿ ಬಂದು ಪಕ್ಕದ ಎಳೆ ಮರದ ಸುಳಿ ಕೊರೆಯುತ್ತದೆ. ಕಣ್ಣೆದುರು ಕೊಳೆಯುವ ಈ ಮರವನ್ನು ಚೂರು ಮಾಡಿ ಉರಿಸಬಾರದೇಕೆ ಎಂದು ನನಗೆ ಹೊಳೆಯಿತು. ಬಿಳಿಗೆರೆಯಲ್ಲಿ ನಮ್ಮ ಬೆಳೆಗಾರರ ಸಂಘದ ಕಾಯಿಪುಡಿ ಘಟಕವಿದೆ. ಪುಡಿ ಒಣಗಿಸಲು ಬಿಸಿಗಾಳಿ ಬೇಕು. ದಿಮ್ಮಿ ಚೂರು ಮಾಡುವ ಯಂತ್ರವನ್ನೂ, ಆ ಚೂರನ್ನು ಉರಿಸಿ ಬಿಸಿಗಾಳಿ ಕೊಡುವ ದೊಡ್ಡ ಒಲೆಯನ್ನೂ ನಾನೇ ನಿಂತು ಕಟ್ಟಿಕೊಟ್ಟೆ.

ಹೊತ್ತಿಸಿದ ದಿನ ಪೂಜೆ ಚೆನ್ನಾಗಿ ಆಯಿತು. ಆಮೇಲಿನದು ಯಾವುದೂ ಚೆನ್ನಾಗಿ ಆಗಲಿಲ್ಲ. ಉರಿಗಿಂತ ಹೊಗೆ ಹೆಚ್ಚು. ಕಾಯಿಪುಡಿ ಹಳದಿಗೆ ತಿರುಗಿ ಹೊಗೆ ವಾಸನೆ ಹೊಡೆಯಿತು. ಸಂಘದ ಅಧ್ಯಕ್ಷ ರೇಣುಕಪ್ಪ ನನ್ನ ಜೊತೆ ಓದಿದವನು; ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದ:

“ಕಲ್ಲೇಶ, ನಿನ್ ಒಲೆ ಪುಡಿ ಒಣಗ್ಸಾಕಲ್ಲ ಕಣ್ಲಾ, ಊರ್ ಸೊಳ್ಳೆ ಓಡ್ಸಾಕೆ ಲಾಯಕ್ಕಾಗೈತೆ.”

ಎಲ್ಲರೂ ನಕ್ಕರು. ದೀಪಾವಳಿಯ ಸಭೆಯೊಳಗೆ ಒಲೆ ಸರಿಹೋಗದಿದ್ದರೆ ಗುಜರಿಗೆ ಹಾಕುವುದು, ಮೊದಲಿನಂತೆ ಹೊರಗಿನ ಸೌದೆ ತರಿಸುವುದು ಎಂದು ತೀರ್ಮಾನವಾಯಿತು. ನಾನು ಸೆಟೆದು ನಿಂತು, “ತಪ್ಪು ನನ್ ಒಲೇದಲ್ಲ, ಮರದ್ದು. ತೆಂಗು ಉರಿಯೋ ಜಾತಿನೇ ಅಲ್ಲ” ಎಂದೆ. ಮನೆಗೆ ಬಂದ ಮೇಲೆ ನನಗೇ ಅನುಮಾನ. ಒಲೆಯ ಜಾಲರಿ ಇಳಿಜಾರು ತಪ್ಪಿತೇ? ಗಾಳಿಯ ಕಿಂಡಿ ಚಿಕ್ಕದಾಯಿತೇ?

ಸಂಘಕ್ಕೆ ಸಲಹೆ ಕೊಡುವ ಎಂಜಿನಿಯರು ವನಜಾಕ್ಷಿ ಮೇಡಂ ತುರುವೇಕೆರೆಯವರು. ಸ್ವೀಡನ್ನಿನ ರೈತರು ನಮ್ಮಿಂದ ಇಬ್ಬರನ್ನು ನೋಡಲು ಕರೆದಿದ್ದಾರೆ ಎಂದು ಸುದ್ದಿ ತಂದವರು ಅವರೇ. “ನೀವೂ ಬನ್ನಿ ಕಲ್ಲೇಶಣ್ಣ. ಅವರ ಒಲೆ ನೋಡಿ. ನೋಡಿದ ಮೇಲೆ ಬೈಯೋದಾದ್ರೆ ಬೈಯಿರಿ” ಎಂದರು. ಜೇಬಿಗೆ ಟೇಪು ಹಾಕಿಕೊಂಡು ಹೊರಟೆ.

ಬೆಂಗಳೂರು, ವಿಮಾನ ನಿಲ್ದಾಣ

ಬರಿಗೈಯಲ್ಲಿ ಹೋಗಬಾರದು ಎಂದು ಹತ್ತು ಉಂಡೆ ಕೊಬ್ಬರಿ ಕಟ್ಟಿಕೊಂಡಿದ್ದೆ. ನಮ್ಮ ಅಟ್ಟದ ಮೇಲೆ ಹನ್ನೊಂದು ತಿಂಗಳು ಕೂತ ಮಾಲು. ಅದರ ಜೊತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಬಿಳಿಗೆರೆಯ ತೆಂಗಿನ ಚೂರು, ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿದ್ದು. ಮರದ ಚೂರು ಹೊರದೇಶಕ್ಕೆ ಒಯ್ಯಲು ಬೇಕಾದ ಕಾಗದಗಳನ್ನು ಮೇಡಂ ಮಾಡಿಸಿದ್ದರು.

ತಪಾಸಣೆಯ ಯುವಕ ಡಬ್ಬಿಯ ಕಾಗದ ನೋಡಿ ಸರಿ ಎಂದ. ಕೊಬ್ಬರಿಯನ್ನು ಎತ್ತಿ ಪಕ್ಕಕ್ಕಿಟ್ಟ.

“ಇದು ಬಿಡಲ್ಲ ಸರ್.”

“ಯಾಕಪ್ಪಾ? ಕೊಬ್ರಿ ಅದು, ಬಾಂಬಲ್ಲ.”

“ಬೆಂಕಿ ಹಿಡಿಯೋ ಸಾಮಾನು ಅಂತ ಪಟ್ಟಿಯಲ್ಲಿದೆ ಸರ್.”

“ನೋಡಪ್ಪ, ಇದು ಹನ್ನೊಂದ್ ತಿಂಗ್ಳು ನಮ್ಮನೆ ಅಟ್ಟದ್ ಮೇಲಿತ್ತು. ಕೆಳಗೆ ನನ್ ಹೆಂಡ್ತಿ ದಿನಾ ಒಲೆ ಹಚ್ತಾಳೆ. ಒಂದಿನಾನೂ ಏನೂ ಆಗಿಲ್ಲ.”

“ಅಷ್ಟು ಒಣಗಿರೋದೇ ತೊಂದ್ರೆ ಸರ್. ಹಸಿ ಕಾಯಿ ಆಗಿದ್ರೆ ಏನೂ ಭಯ ಇರ್ತಿರಲಿಲ್ಲ.”

ತಿಪಟೂರು ಸೀಮೆಯವನಿಗೆ ಕೊಬ್ಬರಿ ಪಾಠ! ಮೈಯೆಲ್ಲ ಉರಿದುಹೋಯಿತು. ತಿನ್ನಲು ಒಯ್ಯುತ್ತಿದ್ದುದನ್ನು ಬೆಂಕಿ ಎಂದು ಕಿತ್ತುಕೊಂಡರು; ಉರಿಸಲೆಂದೇ ಮಾಡಿದ ಚೂರನ್ನು ಏನೂ ಆಗಲ್ಲ ಹೋಗಿ ಎಂದು ಬಿಟ್ಟರು. ವಿಮಾನದಲ್ಲಿ ಮೇಡಂ ಕಿಟಕಿ ಕಡೆ ಮುಖ ತಿರುಗಿಸಿ ನಗುತ್ತಿದ್ದರು. 

ಮೊದಲ ದಿನ, ಕಾಡಿನ ದಾರಿ

ನಮ್ಮನ್ನು ಕರೆದುಕೊಂಡು ಹೋಗಲು ಬಂದವನು ಸ್ಟೂರೆ. ಎಪ್ಪತ್ತರ ಆಸುಪಾಸು, ಕೈಗಳು ನನ್ನ ಕೈಗಳ ಹಾಗೆ. ಉಗುರಿನ ಸಂದಿಯಲ್ಲಿ ಹೋಗದ ಗ್ರೀಸು. ನೋಡಿದ ಕೂಡಲೇ ಮನುಷ್ಯ ಇಷ್ಟವಾದ. ಹರೆಯದಲ್ಲಿ ಮರ ಕಡಿಯುವ ಯಂತ್ರ ಓಡಿಸಿದವನು, ಈಗ ಊರಿನ ಇತರ ಕಾಡಿನ ಒಡೆಯರ ಜೊತೆ ಸೇರಿ ಶಾಖದ ಘಟಕ ನಡೆಸುತ್ತಾನೆ. ಅಲ್ಲಿ ಕಾಡಿಗೂ ರೈತನೇ ಒಡೆಯ, ನಮಗೆ ತೋಟ ಇದ್ದ ಹಾಗೆ.

ಗಾಡಿಯಲ್ಲಿ ಅರ್ಧ ಗಂಟೆ ಅವನು ಒಂದು ಮಾತೂ ಆಡಲಿಲ್ಲ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ನನ್ನ ಮಕ್ಕಳೆಷ್ಟು, ತೋಟವೆಷ್ಟು, ಬೋರ್‌ವೆಲ್ಲಿನಲ್ಲಿ ನೀರೆಷ್ಟು ಎಲ್ಲವನ್ನೂ ಕೇಳಿ ಮುಗಿಸಿರುತ್ತಿದ್ದರು. ಕೊನೆಗೆ ಮೇಡಂ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವನು ತುಟಿ ಮುಂದೆ ಮಾಡಿ ‘ಶುಪ್’ ಎಂದು ಉಸಿರನ್ನು ಒಳಕ್ಕೆ ಎಳೆದುಕೊಂಡ. ಇನ್ನೊಂದು ಕೇಳಿದರು, ಮತ್ತೆ ‘ಶುಪ್’. ನನಗೆ ಗಾಬರಿ.

“ಮೇಡಂ, ಈ ಯಜಮಾನ್ರಿಗೆ ಎದೆ ಹಿಡ್ಕೊಂಡೈತೆ. ಗಾಡಿ ನಿಲ್ಸಾಕೆ ಹೇಳಿ ಮೊದ್ಲು!”

ಮೇಡಂ ಕೇಳಿಯೇಬಿಟ್ಟರು. ಸ್ಟೂರೆ ಗಾಡಿ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕ. ಆ ಕಡೆಯವರು ‘ಹೌದು’ ಎನ್ನುವುದೇ ಹಾಗಂತೆ. ಬಾಯಿ ತೆರೆಯುವ ಖರ್ಚೂ ಇಲ್ಲ, ಮಾತು ಒಳಗೇ ಉಳಿಯುತ್ತದೆ.

ಕಾಡಿನಲ್ಲಿ ಒಂದು ಯಂತ್ರ ಮರ ಹಿಡಿದು ಕಡಿದು, ರೆಂಬೆ ಸವರಿ, ಅಳತೆಗೆ ತುಂಡು ಮಾಡಿ ಇಡುವುದನ್ನು ನೋಡಿದೆ. ನಮ್ಮ ಕಂದಿಕೆರೆ ಸಂತೆಯಲ್ಲಿ ಮುದುಕಿಯರು ಕಬ್ಬು ಸವರುವಷ್ಟೇ ಸಲೀಸು. ಆದರೆ ನನ್ನ ಕಣ್ಣು ಆ ಯಂತ್ರದ ಹಿಂದೆ ಬಿದ್ದಿದ್ದ ರೆಂಬೆಗಳ ಮೇಲೆ. ಅದನ್ನು ಕೂಡಲೇ ಎತ್ತುವುದಿಲ್ಲ. ನೆಲದ ಮೇಲೇ ಬಿಟ್ಟು ಎಲೆ ಉದುರಿಸುತ್ತಾರೆ. ಎಲೆಯಲ್ಲಿ ಕಾಡಿಗೆ ಬೇಕಾದ ಸಾರವಿದೆ, ಅದು ಇಲ್ಲೇ ಉಳಿಯಬೇಕು ಎಂದ ಸ್ಟೂರೆ. ಒಂದಷ್ಟು ರೆಂಬೆಯನ್ನೂ ಮುಟ್ಟದೆ ಕಾಡಿಗೇ ಬಿಡುತ್ತಾರೆ. ನಾವು ಸೋಗೆಯನ್ನು ತೆಂಗಿನ ಬುಡಕ್ಕೇ ಹಾಕುವುದು ನೆನಪಾಗಿ, ಈ ಬಿಳಿ ಜನಕ್ಕೂ ಮಣ್ಣಿನ ಹಸಿವು ಗೊತ್ತಿದೆ ಎಂದು ಖುಷಿಯಾಯಿತು.

ಉಳಿದದ್ದನ್ನು ರಸ್ತೆ ಬದಿಗೆ ತಂದು ಬಣವೆ ಒಟ್ಟುತ್ತಾರೆ. ಎಂಥ ಬಣವೆ! ಒಂದು ಮನೆಯಷ್ಟು ಎತ್ತರ, ನಮ್ಮ ತೋಟದ ಒಂದು ಬದುವಿನಷ್ಟು ಉದ್ದ. ಮೇಲೆ ದಪ್ಪ ಕಂದು ಕಾಗದ ಹಾಸಿ, ಅದು ಹಾರದಂತೆ ಮತ್ತಷ್ಟು ರೆಂಬೆ ಹೇರಿದ್ದರು. ಉರಿಸುವಾಗ ಕಾಗದವನ್ನೂ ಸೇರಿಸಿಯೇ ಚೂರು ಮಾಡಿ ಉರಿಸುತ್ತಾರೆ. ಬಿಚ್ಚುವ ಕೆಲಸವೂ ಇಲ್ಲ, ಎಸೆಯುವ ಕಸವೂ ಇಲ್ಲ. ಇಂಥ ಯೋಚನೆ ಮಾಡಿದವನ ಕೈಗೆ ಮುತ್ತು ಕೊಡಬೇಕು.

“ಇದು ಯಾವಾಗ ಕಡಿದದ್ದು?” ಎಂದು ಕೇಳಿಸಿದೆ.

ಹೋದ ವರ್ಷದ್ದಂತೆ. ಸುತ್ತ ಬೇಲಿಯಿಲ್ಲ, ಕಾವಲಿಲ್ಲ. ಯಾರೂ ಒಯ್ಯುವುದಿಲ್ಲವೇ ಎಂದದ್ದಕ್ಕೆ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆ ಕಾಡಿನ ಹಣ್ಣನ್ನು ಮಾತ್ರ ಯಾರು ಬೇಕಾದರೂ ಕಿತ್ತು ತಿನ್ನಬಹುದು, ಒಡೆಯನನ್ನು ಕೇಳಬೇಕಿಲ್ಲ. ನಾನೂ ಒಂದು ಹಿಡಿ ಕೆಂಪು ಹಣ್ಣು ಬಾಯಿಗೆ ಹಾಕಿಕೊಂಡೆ. ಹುಣಸೆಯೂ ನಾಚಬೇಕು, ಅಷ್ಟು ಹುಳಿ. ಸ್ಟೂರೆ ನನ್ನ ಮುಖ ನೋಡಿ ‘ಶುಪ್’ ಎಂದ.

ಆ ದಿನ ನಾನು ಬಣವೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ಎಷ್ಟು ದೊಡ್ಡದು ಎಂದಷ್ಟೇ ನೋಡಿದೆ. ಒಂದು ವರ್ಷ ಯಾಕೆ ಇಟ್ಟರು ಎಂದು ಕೇಳಲೇ ಇಲ್ಲ. ಒಲೆ ನೋಡುವ ಆತುರ.

ಎರಡನೆಯ ದಿನ, ಶಾಖದ ಘಟಕ

ಮಾರನೆಯ ದಿನ ಘಟಕದ ಅಂಗಳದಲ್ಲಿ ಇಳಿದು ಚಿಮಣಿ ನೋಡಿದೆ. ಹೊಗೆ ಇಲ್ಲ. ಮನಸ್ಸಿಗೆ ಸಮಾಧಾನವಾಯಿತು ಎಂದರೆ ಸುಳ್ಳಲ್ಲ. ಇವರದೂ ಕೆಟ್ಟು ನಿಂತಿದೆ.

“ಪಾಪ, ಒಲೆ ಆರಿಹೋಗೈತೆ” ಎಂದೆ.

ಸ್ಟೂರೆ ನನ್ನನ್ನು ಒಳಗೆ ಕರೆದೊಯ್ದು ಅಂಗೈ ಅಗಲದ ಕಿಂಡಿಯ ಮುಚ್ಚಳ ಸರಿಸಿದ. ಒಳಗೆ ಬೆಳ್ಳಗೆ ಉರಿಯುತ್ತಿತ್ತು. ಕಣ್ಣಿಟ್ಟು ನೋಡಲಾಗದಂಥ ಉರಿ. ಚೂರು ತಾನಾಗಿ ಮುಂದೆ ಬರುತ್ತಿತ್ತು, ಉರಿಯುತ್ತಿತ್ತು, ಬೂದಿಯಾಗಿ ಆ ಕಡೆ ಬೀಳುತ್ತಿತ್ತು. ಆ ಬಿಸಿಯಿಂದ ಕಾದ ನೀರು ನೆಲದೊಳಗಿನ ಪೈಪಿನಲ್ಲಿ ಊರೆಲ್ಲ ಸುತ್ತಿ, ಮನೆಗಳನ್ನು ಬೆಚ್ಚಗೆ ಮಾಡಿ, ತಣ್ಣಗಾಗಿ ವಾಪಸು ಬರುತ್ತದೆ. ಹೊರಗೆ ರಸ್ತೆಯಲ್ಲಿ ನಡೆಯುವವರಿಗೆ ಏನೂ ಕಾಣುವುದಿಲ್ಲ. ಬೂದಿಯನ್ನು ಮತ್ತೆ ಕಾಡಿಗೆ ಚೆಲ್ಲುತ್ತಾರೆ. ಮೂವತ್ತು ವರ್ಷ ಬೆಂಕಿಯ ಜೊತೆ ಕೆಲಸ ಮಾಡಿದವನು ನಾನು. ಇಷ್ಟು ವಿಧೇಯವಾದ ಬೆಂಕಿ ನೋಡಿರಲಿಲ್ಲ.

ಆಮೇಲೆ ಟೇಪು ತೆಗೆದೆ. ಪಕ್ಕದಲ್ಲಿ ರಿಪೇರಿಗೆಂದು ಬಿಚ್ಚಿಟ್ಟ ಇನ್ನೊಂದು ಒಲೆಯಿತ್ತು. ಅದರೊಳಗೆ ತಲೆ ತೂರಿಸಿ ಜಾಲರಿಯ ಇಳಿಜಾರು ಅಳೆದೆ, ಕಿಂಡಿ ಎಣಿಸಿದೆ. ಹೊರಗೆ ಬಂದಾಗ ತಲೆತುಂಬ ಮಸಿ. ಮೇಡಂ ಕರವಸ್ತ್ರ ಕೊಡುತ್ತಾ, “ಸಿಕ್ತಾ ಕಲ್ಲೇಶಣ್ಣ, ಗುಟ್ಟು?” ಎಂದರು.

“ಮೇಡಂ, ಹೆಚ್ಚುಕಮ್ಮಿ ನಂದೇ ಲೆಕ್ಕ! ಇಳಿಜಾರು ಅದೇ, ಕಿಂಡಿ ಅದೇ. ನನ್ ಒಲೇಲಿ ತಪ್ಪಿಲ್ಲ!”

ಎದೆ ಉಬ್ಬಿತು. ಮರುಗಳಿಗೆಯೇ ಕುಸಿಯಿತು. ಒಲೆಯಲ್ಲಿ ತಪ್ಪಿಲ್ಲವಾದರೆ ನಾನು ಸರಿ ಮಾಡುವುದು ಏನನ್ನು? ಬರಿಗೈಯಲ್ಲಿ ಹೋಗಿ ರೇಣುಕಪ್ಪನ ಮುಂದೆ ‘ತೆಂಗೇ ಸರಿಯಿಲ್ಲ’ ಎಂದು ಹೇಳಬೇಕು. ಒಲೆ ಗುಜರಿಗೆ, ದಿಮ್ಮಿ ದುಂಬಿಗೆ.

ಮೂರನೆಯ ದಿನ, ಸ್ಟೂರೆಯ ಅಡುಗೆಮನೆ

ಅವರ ಮನೆಯೊಳಗೂ ಚಪ್ಪಲಿ ಬಿಟ್ಟೇ ಹೋಗಬೇಕು. ಇದೊಂದು ವಿಷಯದಲ್ಲಿ ನಮ್ಮೂರಿನಲ್ಲಿದ್ದಂತೆಯೇ ಅನ್ನಿಸಿತು. ಕಾಫಿಯನ್ನು ಅವರು ಹಾಲು ಸಕ್ಕರೆ ಇಲ್ಲದೆ, ಬೋಗುಣಿಯಂಥ ಲೋಟದಲ್ಲಿ, ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕುಡಿಯುತ್ತಾರೆ. ಕಹಿ ನುಂಗಿ ‘ಚೆನ್ನಾಗಿದೆ’ ಎಂದೆ. ಇನ್ನೊಂದು ಲೋಟ ಬಂತು.

ಸ್ಟೂರೆ ನನ್ನ ಒಲೆ ನೋಡಬೇಕು ಎಂದ. ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ಪೂಜೆಯ ದಿನದ್ದು, ಒಲೆಗೆ ಹಾರ ಹಾಕಿತ್ತು. ಅವನು ಕನ್ನಡಕ ಹಾಕಿಕೊಂಡು ವೆಲ್ಡಿಂಗ್ ಗೆರೆಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಹೆಬ್ಬೆರಳೆತ್ತಿದ. ಕೆಲಸ ಬಲ್ಲವನ ಮೆಚ್ಚುಗೆ ಅದು. ಹಾರ ಹಾಕಿದವರ ಮೆಚ್ಚುಗೆಗಿಂತ ದೊಡ್ಡದು. ಆಮೇಲೆ ಫೋಟೊದ ಮೂಲೆಗೆ ಬೆರಳಿಟ್ಟು ಏನೋ ಕೇಳಿದ.

ಮೂಲೆಯಲ್ಲಿ ತೆಂಗಿನ ಮರಗಳ ನೆರಳಿನಲ್ಲಿ ಚೂರಿನ ರಾಶಿ. ಅದರ ಪಕ್ಕ ಘಟಕದ ಕೆಲಸದ ಪುಟ್ಟತಾಯಮ್ಮ, ಕೈಯಲ್ಲಿ ಪೈಪು.

“ಆ ಹೆಂಗಸು ಏನು ಮಾಡ್ತಿದಾರೆ ಅಂತ ಕೇಳ್ತಾರೆ” ಎಂದರು ಮೇಡಂ.

“ರಾಶಿಗೆ ನೀರು ಬುಡ್ತಾವ್ಳೆ. ಇನ್ನೇನು?”

“ಯಾಕೆ?”

“ಯಾಕೆ ಅಂದ್ರೆ... ರಾಶಿ ತಾನೇ ಕಾಯ್ತಿತ್ತು ಮೇಡಂ, ಹಬೆ ಬರ್ತಿತ್ತು. ಬೆಂಕಿ ಬಿದ್ದೀತು ಅಂತ ದಿನಾ ಎರಡೊತ್ತು ನೀರು ಬುಡ್ಸಿದ್ದೆ.”

ಮೇಡಂ ಅದನ್ನು ಅವನಿಗೆ ಹೇಳಿದರು. ಸ್ಟೂರೆ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. ನಗಲಿಲ್ಲ. ನಾನು ತಂದಿದ್ದ ಚೂರಿನ ಡಬ್ಬಿ ಕೇಳಿದ. ಪ್ಲಾಸ್ಟಿಕ್ ಬಿಚ್ಚಿದರೆ ಅಡುಗೆಮನೆಯೆಲ್ಲ ಮುಗ್ಗಲು ನಾತ. ಒಂದು ಹಿಡಿ ಹಿಂಡಿದ. ಬೆರಳ ಸಂದಿಯಲ್ಲಿ ನೀರು ಜಿನುಗಿತು. ಒಂದು ತಟ್ಟೆಯಲ್ಲಿ ಹಾಕಿ ತೂಗಿ ಅಡುಗೆಯ ಓವನ್ನಿನಲ್ಲಿಟ್ಟ. ಅವನ ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ಆ ದಿನವೆಲ್ಲ ಅದು ಅಲ್ಲೇ ಒಣಗಿತು. ಸಂಜೆ ತೂಗಿದಾಗ ಅರ್ಧಕ್ಕಿಂತ ಹೆಚ್ಚು ತೂಕ ಹೋಗಿತ್ತು. ನಾನು ಇಷ್ಟು ದಿನ ಉರಿಸಲು ನೋಡಿದ್ದು ನೀರನ್ನು.

“ಹಸಿ ಮರ ಚೂರು ಮಾಡಿ ರಾಶಿ ಹಾಕಿದ್ರೆ ಅದು ಕೊಳೆಯೋಕೆ ಶುರು ಆಗುತ್ತಂತೆ, ಅದಕ್ಕೇ ಕಾಯೋದು” ಎಂದರು ಮೇಡಂ. “ಅವರು ಮರಾನ ಇಡಿಯಾಗಿ ಒಣಗಿಸ್ತಾರೆ. ನೆಲ ತಾಗದ ಹಾಗೆ, ಮೇಲೆ ನೆನೆಯದ ಹಾಗೆ, ಗಾಳಿ ಆಡೋ ಹಾಗೆ, ಒಂದು ವರ್ಷ. ಚೂರು ಮಾಡೋದು ಕಟ್ಟಕಡೆಗೆ, ಉರಿಸೋ ಮುಂಚೆ. ಒಣಗಿಸಿ ಹಾಕಿ ಅಂತ ಹೋದ ವರ್ಷ ನಾನೂ ಬಡ್ಕೊಂಡೆ.”

“ಬಡ್ಕೊಂಡ್ರಿ, ನಿಜ” ಎಂದೆ.

ನಮ್ಮದು ಮಳೆ ಕಡಿಮೆಯ ಸೀಮೆ. ಕಾಯಿಸಿಪ್ಪೆಯನ್ನು ಮರದ ಬುಡದಲ್ಲಿ ಹೂಳುವುದು, ಸೋಗೆ ಹೊದಿಸುವುದು, ರಾಶಿ ಎಂದರೆ ನೆರಳಿಗೆ ಹಾಕಿ ತೇವ ಕಾಪಾಡುವುದು. ಹುಟ್ಟಿದಾಗಿನಿಂದ ನಮ್ಮ ಕೈ ಕಲಿತದ್ದು ಇದನ್ನೇ. ಉರಿಯಬೇಕಾದ ಮರವನ್ನೂ ಗೊಬ್ಬರ ಸಾಕಿದ ಹಾಗೆ ಸಾಕಿದ್ದೆ.

ಆಗ ವಿಮಾನ ನಿಲ್ದಾಣದ ಆ ಯುವಕನ ಮಾತು ಕಿವಿಯಲ್ಲಿ ಬಂತು. ಅಷ್ಟು ಒಣಗಿರುವುದೇ ತೊಂದರೆ. ಹಸಿ ಕಾಯಿಗೆ ಭಯವಿಲ್ಲ. ನಾವು ಉಂಡೆ ಕೊಬ್ಬರಿ ಮಾಡುವುದು ಹೇಗೆ? ಕಾಯನ್ನು ಸುಲಿಯುವುದಿಲ್ಲ, ಒಡೆಯುವುದಿಲ್ಲ. ಇಡಿಯಾಗಿ ಅಟ್ಟಕ್ಕೆ ಏರಿಸುತ್ತೇವೆ. ನೆಲದ ತೇವ ತಾಗದು, ಮೇಲೆ ಮಳೆ ಬೀಳದು, ಸಂದಿನಲ್ಲಿ ಗಾಳಿ ಆಡುತ್ತದೆ. ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಗಡಗಡ ಎನ್ನುವ ತನಕ ಮುಟ್ಟುವುದಿಲ್ಲ. ಒಡೆಯುವುದು ಕಟ್ಟಕಡೆಗೆ. ಕಾಡಿನ ರಸ್ತೆ ಬದಿ ನಾನು ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಂಡ ಬಣವೆ ಏನು? ಅಟ್ಟ. ಸ್ವೀಡನ್ನಿನವರ ಅಟ್ಟ. ನನ್ನ ಅಜ್ಜನಿಗೆ ಗೊತ್ತಿದ್ದುದನ್ನು ತಿಳಿಯಲು ನಾನು ಸಮುದ್ರ ದಾಟಿ ಬಂದಿದ್ದೆ.

ಸ್ಟೂರೆಗೆ ಅಟ್ಟದ ಕಥೆಯನ್ನೆಲ್ಲ ಹೇಳಿಸಿದೆ. ಕೊಬ್ಬರಿ ಇಲ್ಲದ್ದಕ್ಕೆ ಅವನ ಬೆಂಕಿಪೊಟ್ಟಣ ಅಲ್ಲಾಡಿಸಿ ಗಡಗಡ ಸದ್ದು ಕೇಳಿಸಿದೆ. ಅವನು ಕಣ್ಣು ಮುಚ್ಚಿ ಕೇಳಿ, ಉದ್ದಕ್ಕೆ ಉಸಿರೆಳೆದುಕೊಂಡ.

ಹೊನ್ನವಳ್ಳಿ

ಮನೆಗೆ ಬಂದವನು ಬ್ಯಾಗು ಇಟ್ಟು ಮೊದಲು ಅಟ್ಟ ಹತ್ತಿದೆ. ಕಾಯಿಗಳ ನಡುವೆ ಕೂತೆ. ಕೆಳಗಿನಿಂದ ಹೆಂಡತಿ ಸಾವಿತ್ರಿ ಕೂಗಿದಳು: “ಬಂದು ಉಣ್ರೀ. ಅಟ್ಟ ಎಲ್ಗೂ ಓಡೋಗಲ್ಲ.”

ದೀಪಾವಳಿಯ ಸಭೆಯಲ್ಲಿ ರೇಣುಕಪ್ಪ ಕಾದಿದ್ದ. “ಏನ್ಲಾ ತಂದೆ ಫಾರಿನ್ನಿಂದ?”

“ನನ್ ತಪ್ಪು ತಂದೆ” ಎಂದೆ.

ಯಾರೂ ನಗಲಿಲ್ಲ, ನನ್ನ ಬಾಯಲ್ಲಿ ಆ ಮಾತನ್ನು ಅವರು ಕೇಳಿರಲಿಲ್ಲ. “ನಿಮ್ಮಲ್ಲಿ ಯಾರಾದ್ರೂ ಹಸಿ ಕಾಯಿ ಒಡೆದು, ಚೂರು ಮಾಡಿ, ನೆಲಕ್ಕೆ ಸುರಿದು, ಎರಡೊತ್ತು ನೀರು ಬುಟ್ಟು ಕೊಬ್ರಿ ಮಾಡ್ತೀರಾ?” ಎಂದೆ. ಈಗ ನಕ್ಕರು. “ನಾನು ಮಾಡಿದ್ದು ಅದನ್ನೇ. ಒಲೆನೂ ಸರಿಯಿತ್ತು, ಮರಾನೂ ಸರಿಯಿತ್ತು. ಒಂದ್ ಬೇಸಿಗೆ ಕೊಡಿ ನಂಗೆ.”

ರೇಣುಕಪ್ಪ ಬಹಳ ಹೊತ್ತು ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಒಂದೇ ಬೇಸಿಗೆ ಕಣ್ಲಾ” ಎಂದ.

ದಿಮ್ಮಿಗಳನ್ನು ಉದ್ದಕ್ಕೆ ನಾಲ್ಕು ಸೀಳು ಸೀಳಿ, ಕಲ್ಲುಕಂಬಗಳ ಮೇಲೆ ನೆಲ ತಾಗದಂತೆ ಬಯಲಿನಲ್ಲಿ ಒಟ್ಟಿದೆವು. ಅವರ ಕಾಗದ ನಮಗೆಲ್ಲಿ? ಸೋಗೆ ಹೆಣೆದು ಹೊದಿಸಿದೆವು, ಉರಿಸುವಾಗ ಅದೂ ಒಲೆಗೇ. ಒಣಗಿದ ಸೀಳಿನಲ್ಲಿ ದುಂಬಿಗೆ ಮರಿ ಮಾಡಲು ಮೆತ್ತಗಿನ ಜಾಗ ಸಿಗಲಿಲ್ಲ. ಪುಟ್ಟತಾಯಮ್ಮನ ಪೈಪನ್ನು ನಾನೇ ಸುತ್ತಿ ಒಳಗಿಟ್ಟೆ. ಯುಗಾದಿಗೆ ನಾನು ಹೊತ್ತಿಸೋಣ ಎಂದಾಗ ತಡೆದವನು ರೇಣುಕಪ್ಪನೇ. ಎರಡು ಸೀಳು ಎತ್ತಿ ಕಿವಿಯ ಹತ್ತಿರ ಒಂದಕ್ಕೊಂದು ಬಡಿದು, “ಇನ್ನೂ ಒಳ್ಗೆ ಹಸಿ ಐತೆ, ಇನ್ನೊಂದ್ ತಿಂಗ್ಳು ಬುಡು” ಎಂದ. ಕೊಬ್ಬರಿ ವ್ಯಾಪಾರ ಮಾಡಿದ ಕಿವಿ ಅದು, ಒಪ್ಪಿಕೊಂಡೆ.

ಒಂದು ತಿಂಗಳ ಮೇಲೆ ಚೂರು ಮಾಡಿ ಒಲೆ ಹೊತ್ತಿಸಿದ ದಿನ ಅವನಿಗೆ ತಿಪಟೂರಿನಲ್ಲಿ ಏನೋ ಕೆಲಸವಿತ್ತು. ಮಧ್ಯಾಹ್ನ ಮೋಟರ್ ಸೈಕಲಿನಲ್ಲಿ ಬಿರಬಿರನೆ ಬಂದು, ಗಾಡಿ ನಿಲ್ಲಿಸದೆಯೇ ಚಿಮಣಿ ನೋಡಿ ಕೂಗಿದ:

“ಯಾಕ್ಲಾ, ಮತ್ತೆ ಆರೋಯ್ತಾ?”

ನಾನು ಅವನ ಕೈ ಹಿಡಿದು ಒಳಗೆ ಕರೆತಂದು, ಕಿಂಡಿಯ ಮುಚ್ಚಳ ಸರಿಸಿದೆ. ಬೆಳ್ಳನೆ ಉರಿಯ ಬೆಳಕು ಅವನ ಮುಖದ ಮೇಲೆ ಬಿತ್ತು. ಪಕ್ಕದ ಕೋಣೆಯಲ್ಲಿ ಕಾಯಿಪುಡಿ ಮಲ್ಲಿಗೆಯ ಹಾಗೆ ಬೆಳ್ಳಗೆ ಒಣಗಿ ಬೀಳುತ್ತಿತ್ತು. ಅವನು ಒಳಗೆ ನೋಡಿದ, ನನ್ನನ್ನು ನೋಡಿದ, ಮತ್ತೆ ಒಳಗೆ ನೋಡಿದ.

“ಇದು ನಮ್ ತೆಂಗೇನ್ಲಾ ಉರೀತಿರಾದು?”

ಸ್ಟೂರೆಯ ಹಾಗೆ ತುಟಿ ಮುಂದೆ ಮಾಡಿ ‘ಶುಪ್’ ಎಂದು ಉಸಿರನ್ನು ಒಳಕ್ಕೆ ಎಳೆದುಕೊಂಡೆ.

ರೇಣುಕಪ್ಪ ಗಾಬರಿಯಾಗಿ ನನ್ನ ಭುಜ ಹಿಡಿದ. “ಯಾಕ್ಲಾ ಕಲ್ಲೇಶ, ಎದೆ ಹಿಡ್ಕಂತಾ?”